ಪರದೇಶದ ಓದು: ಸೀಟು ಕೊಡುವುದು ಯೂನಿವರ್ಸಿಟಿ, ದಿನ ನಡೆಸುವುದು ವೀಸಾ

ವಿದೇಶಕ್ಕೆ ಓದಲು ಹೊರಡುವವರು ಮೊದಲು ನೋಡುವುದು ಯೂನಿವರ್ಸಿಟಿಯ ರ್‍ಯಾಂಕು. ಆಮೇಲೆ ಕೋರ್ಸು, ಆಮೇಲೆ ಫೀಸು. ವೀಸಾದ ಸರದಿ ಬರುವುದು ಕಟ್ಟಕಡೆಗೆ. ಅದೊಂದು ಕಾಗದಪತ್ರದ ಕೆಲಸ, ಸಿಕ್ಕಿಬಿಟ್ಟರೆ ಮುಗಿಯಿತು ಅನ್ನುವ ಲೆಕ್ಕಾಚಾರ. ಆದರೆ ಅಲ್ಲಿ ಒಂದು ಸೆಮಿಸ್ಟರ್ ಕಳೆದವರನ್ನು ಮಾತಾಡಿಸಿ ನೋಡಿ. ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು, ಒಂದು ಪೇಪರ್ ಫೇಲಾದರೆ ಏನು ಗತಿ, ಕೋರ್ಸು ಬದಲಾಯಿಸಲು ಬಿಡುತ್ತಾರಾ, ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳಬಹುದಾ, ಓದು ಮುಗಿದ ಮೇಲೆ ಎಷ್ಟು ದಿನ ಉಳಿಯಬಹುದು. ಅವರ ತಲೆ ತಿನ್ನುವ ಈ ಪ್ರಶ್ನೆಗಳಲ್ಲಿ ಒಂದಕ್ಕೂ ಪ್ರೊಫೆಸರ್ ಉತ್ತರ ಕೊಡಲಾರರು. ಉತ್ತರವೆಲ್ಲ ವೀಸಾದ ಷರತ್ತುಗಳಲ್ಲಿದೆ. ಆ ಷರತ್ತುಗಳು ಓದಿನ ನಡುವೆಯೇ ಬದಲಾಗುತ್ತವೆ.

ದೂರ ಹೋಗಿ ಓದುವುದರ ಕಷ್ಟವನ್ನು ನಾವು ಸಾಮಾನ್ಯವಾಗಿ ವಿದ್ಯಾರ್ಥಿಯ ಮನೋಬಲದ ಪ್ರಶ್ನೆ ಅಂದುಕೊಳ್ಳುತ್ತೇವೆ. ಗಟ್ಟಿಯಾಗಿದ್ದವರು ನಿಲ್ಲುತ್ತಾರೆ, ಮೆತ್ತಗಿದ್ದವರು ಕುಗ್ಗುತ್ತಾರೆ ಅಂತ. ಇದು ಅರ್ಧ ಸತ್ಯವೂ ಅಲ್ಲ. ಆ ಕಷ್ಟದ ದೊಡ್ಡ ಪಾಲು ವ್ಯವಸ್ಥೆಯೇ ಹುಟ್ಟಿಸಿದ್ದು. ಯೂನಿವರ್ಸಿಟಿಗೆ ಈ ವಿದ್ಯಾರ್ಥಿ ಆದಾಯ. ಸರ್ಕಾರಕ್ಕೆ ಆತ ತಾತ್ಕಾಲಿಕ ಅತಿಥಿ. ಇವರಿಬ್ಬರ ಲೆಕ್ಕ ತಾಳೆಯಾಗದೆ ಹೋದಾಗ ಬೀಳುವ ನಷ್ಟ ಮಾತ್ರ ಪೂರ್ತಿ ವಿದ್ಯಾರ್ಥಿಯದು.

ಈ ಓಡಾಟ ಎಷ್ಟು ಬೆಳೆದಿದೆ ನೋಡಿ. ಯುನೆಸ್ಕೋ ಲೆಕ್ಕದಂತೆ 2000ನೇ ಇಸವಿಯಲ್ಲಿ ಬೇರೆ ದೇಶದಲ್ಲಿ ಓದುತ್ತಿದ್ದವರು ಸುಮಾರು 21 ಲಕ್ಷ. 2022ರ ಹೊತ್ತಿಗೆ ಆ ಸಂಖ್ಯೆ 69 ಲಕ್ಷದ ಹತ್ತಿರ. ಮೂರು ಪಟ್ಟಿಗಿಂತ ಜಾಸ್ತಿ. ಹೆಚ್ಚಿನವರು ಹೋಗುವುದು ಕೆಲವೇ ದೇಶಗಳಿಗೆ: ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಜರ್ಮನಿ, ಕೆನಡಾ. ಹಾಗಾಗಿ ಈ ನಾಲ್ಕೈದು ರಾಜಧಾನಿಗಳಲ್ಲಿ ಆಗುವ ಒಂದು ತೀರ್ಮಾನ ಲಕ್ಷಾಂತರ ಮನೆಗಳ ಲೆಕ್ಕವನ್ನು ರಾತ್ರೋರಾತ್ರಿ ತಲೆಕೆಳಗು ಮಾಡಬಲ್ಲದು.

ಯೂನಿವರ್ಸಿಟಿಗಳಿಗೆ ಹೊರಗಿನವರು ಏಕೆ ಬೇಕು

ಯೂನಿವರ್ಸಿಟಿಗಳು ಹೊರದೇಶದವರನ್ನು ಕರೆಯುವುದರ ಹಿಂದೆ ಜ್ಞಾನದ ವಿನಿಮಯ ಇಲ್ಲ ಅಂತಲ್ಲ. ಯುರೋಪಿನಲ್ಲಿ 1987ರಲ್ಲಿ ಶುರುವಾದ ಎರಾಸ್ಮಸ್ ಯೋಜನೆ ವಿದ್ಯಾರ್ಥಿಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ಕಲಿಯಲಿ ಎಂದೇ ಹುಟ್ಟಿದ್ದು. ಆದರೆ ಇವತ್ತಿನ ನೂಕುನುಗ್ಗಲಿಗೆ ಮುಖ್ಯ ಕಾರಣ ದುಡ್ಡು.

ಇಂಗ್ಲೆಂಡನ್ನೇ ತೆಗೆದುಕೊಳ್ಳಿ. ಅಲ್ಲಿನ ಪದವಿ ವಿದ್ಯಾರ್ಥಿಯಿಂದ ಯೂನಿವರ್ಸಿಟಿ ಎಷ್ಟು ಫೀಸು ತೆಗೆದುಕೊಳ್ಳಬಹುದು ಎಂದು ಸರ್ಕಾರವೇ ಮಿತಿ ಹಾಕಿದೆ. 2012ರಲ್ಲಿ ಅದು ವರ್ಷಕ್ಕೆ 9,000 ಪೌಂಡ್ ಇತ್ತು. 2017ರಲ್ಲಿ 9,250 ಆಯಿತು. ಅಲ್ಲಿಂದ 2025ರವರೆಗೆ ಕದಲಲೇ ಇಲ್ಲ. ಆ ವರ್ಷ 9,535 ಆಯಿತು. ಇಷ್ಟು ವರ್ಷದಲ್ಲಿ ಬೆಲೆ ಎಷ್ಟು ಏರಿದೆ! ಸಂಬಳ, ವಿದ್ಯುತ್, ಪ್ರಯೋಗಾಲಯ, ಎಲ್ಲದರ ಖರ್ಚು ಏರಿತು, ಸ್ಥಳೀಯರ ಫೀಸು ನಿಂತಲ್ಲೇ ನಿಂತಿತು. ಹೊರದೇಶದವರ ಫೀಸಿಗೆ ಅಂಥ ಮಿತಿಯೇ ಇಲ್ಲ. ಕೊರತೆ ತುಂಬಲು ಯೂನಿವರ್ಸಿಟಿಗಳು ಯಾರ ಕಡೆ ತಿರುಗಿದವು ಅಂತ ಬಿಡಿಸಿ ಹೇಳಬೇಕಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲೂ ಇದೇ ಕತೆ. 2019ರಲ್ಲಿ ಪ್ರಾಂತ್ಯ ಸರ್ಕಾರ ಸ್ಥಳೀಯರ ಫೀಸನ್ನು ಶೇ 10ರಷ್ಟು ಇಳಿಸಿ, ಮುಂದಿನ ವರ್ಷಗಳಲ್ಲೂ ಅಲ್ಲಿಗೇ ನಿಲ್ಲಿಸಿತು. ಕಾಲೇಜುಗಳು ಹೊರಗಿನವರನ್ನು ಸಾವಿರಗಟ್ಟಲೆ ಸೇರಿಸಿಕೊಂಡವು. ಆಸ್ಟ್ರೇಲಿಯಾದಲ್ಲಿ ವಿದೇಶಿ ವಿದ್ಯಾರ್ಥಿಗಳ ಓದನ್ನು ದೇಶದ ದೊಡ್ಡ ರಫ್ತುಗಳಲ್ಲಿ ಒಂದು ಎಂದೇ ಎಣಿಸುತ್ತಾರೆ. ಕಬ್ಬಿಣದ ಅದಿರು, ಕಲ್ಲಿದ್ದಲು ಇರುವ ಪಟ್ಟಿಯಲ್ಲೇ ವಿದ್ಯಾರ್ಥಿಯೂ ಇದ್ದಾನೆ.

ಉತ್ತರ ಯುರೋಪಿನ ದೇಶಗಳೂ ಒಂದೊಂದಾಗಿ ಇದೇ ದಾರಿ ಹಿಡಿದಿವೆ. ಹಿಂದೆ ಅಲ್ಲಿ ಯಾರಿಗೂ ಫೀಸು ಇರಲಿಲ್ಲ. ಯುರೋಪಿನ ಹೊರಗಿನವರಿಗೆ ಡೆನ್ಮಾರ್ಕ್ 2006ರಲ್ಲಿ ಫೀಸು ಹಾಕಿತು. ಸ್ವೀಡನ್ 2011ರಲ್ಲಿ, ಫಿನ್‌ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಕಡೆ ಇವತ್ತಿಗೂ ಫೀಸಿಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಪ್ರತಿ ಸೆಮಿಸ್ಟರಿಗೆ 1,500 ಯೂರೊ ತೆಗೆದುಕೊಳ್ಳುತ್ತಿದೆ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ಓದು ಬೇಕಾದವರು ಫೀಸು ಕಟ್ಟುತ್ತಾರೆ, ಅಷ್ಟೇ ತಾನೆ? ಅಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಒಂದು ಕೈ ಕರೆಯುತ್ತಿರುವಾಗ ಇನ್ನೊಂದು ಕೈ ಬಾಗಿಲು ಹಾಕಲು ಶುರು ಮಾಡಿತು.

ನಡುದಾರಿಯಲ್ಲಿ ಬದಲಾದ ನಿಯಮ

ವಿದ್ಯಾರ್ಥಿಗಳು ಬಂದು ಇಳಿದದ್ದು ಮನೆಗಳ ಕೊರತೆ ಮೊದಲೇ ಇದ್ದ ಊರುಗಳಿಗೆ. ಬಾಡಿಗೆ ಏರಿತು, ಸ್ಥಳೀಯರಿಗೆ ಸಿಟ್ಟು ಬಂತು, ಚುನಾವಣೆಯಲ್ಲಿ ವಲಸೆ ಮುಖ್ಯ ಮಾತಾಯಿತು. ಸರ್ಕಾರಗಳ ಕೈಗೆ ತಕ್ಷಣ ಎಟುಕುವ ಹಗ್ಗ ವಿದ್ಯಾರ್ಥಿ ವೀಸಾ. ಮನೆ ಕಟ್ಟಲು ವರ್ಷಗಳು ಬೇಕು, ವೀಸಾ ಕಡಿಮೆ ಮಾಡಲು ಒಂದು ಆದೇಶ ಸಾಕು.

2024ರ ಜನವರಿಯಲ್ಲಿ ಕೆನಡಾ ಮೊದಲ ಸಲ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಆ ವರ್ಷಕ್ಕೆ ಸುಮಾರು 3,60,000, ಹಿಂದಿನ ವರ್ಷಕ್ಕಿಂತ ಶೇ 35 ಕಡಿಮೆ. ಖರ್ಚಿಗೆ ಇಷ್ಟು ಹಣವಿದೆ ಎಂದು ತೋರಿಸಬೇಕಾದ ಮೊತ್ತ ಬಹುಕಾಲ 10,000 ಡಾಲರ್ ಇತ್ತು. ಅದೇ ತಿಂಗಳಿಂದ ಅದು 20,635 ಡಾಲರ್ ಆಯಿತು. 2025ರ ಸೆಪ್ಟೆಂಬರಿನಿಂದ 22,895. ಆಸ್ಟ್ರೇಲಿಯಾ 2024ರ ಜುಲೈನಲ್ಲಿ ವೀಸಾ ಅರ್ಜಿಯ ಶುಲ್ಕವನ್ನು 710ರಿಂದ 1,600 ಡಾಲರಿಗೆ ಏರಿಸಿತು. ಮರುವರ್ಷ 2,000 ಮಾಡಿತು. ಅರ್ಜಿ ತಿರಸ್ಕಾರವಾದರೂ ಈ ಹಣ ವಾಪಸ್ ಬರುವುದಿಲ್ಲ. ಬ್ರಿಟನ್ 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದುವವರು ಕುಟುಂಬವನ್ನು ಕರೆತರುವುದನ್ನು ನಿಲ್ಲಿಸಿತು.

ಬ್ರಿಟನ್ನಿನ ಇನ್ನೊಂದು ನಿಯಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಉಳಿದು ಕೆಲಸ ಮಾಡಲು ಅವಕಾಶವಿತ್ತು. 2012ರಲ್ಲಿ ಅದನ್ನು ಮುಚ್ಚಿದರು. 2021ರಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ತೆರೆದರು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ, ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಅದು 18 ತಿಂಗಳಿಗೆ ಇಳಿಯಲಿದೆ. ಲೆಕ್ಕ ಹಾಕುವುದು ಯಾವಾಗ ಅರ್ಜಿ ಹಾಕಿದ್ದೀರಿ ಎಂಬುದರ ಮೇಲೆ, ಯಾವಾಗ ಓದಲು ಸೇರಿದ್ದೀರಿ ಎಂಬುದರ ಮೇಲಲ್ಲ. ಎರಡು ವರ್ಷದ ಸಂಬಳವನ್ನು ನಂಬಿ ಸಾಲ ಮಾಡಿ, ಮೂರು ವರ್ಷದ ಪದವಿಗೆ 2024ರಲ್ಲಿ ಸೇರಿದವರು ಓದು ಮುಗಿಸುವ ಹೊತ್ತಿಗೆ ಆರು ತಿಂಗಳು ಕೈತಪ್ಪಿರುತ್ತದೆ. ಸಾಲದ ಕಂತು ಮಾತ್ರ ಇದ್ದಷ್ಟೇ ಇರುತ್ತದೆ.

ಅಮೆರಿಕದಲ್ಲಿ 2025 ವಿದ್ಯಾರ್ಥಿಗಳಿಗೆ ಬಹಳ ಕೆಟ್ಟ ವರ್ಷ. ಆ ವರ್ಷದ ವಸಂತದಲ್ಲಿ ಸಾವಿರಾರು ವಿದ್ಯಾರ್ಥಿಗಳ ದಾಖಲೆಗಳನ್ನು ಸರ್ಕಾರಿ ವ್ಯವಸ್ಥೆಯಲ್ಲಿ ಏಕಾಏಕಿ ರದ್ದು ಮಾಡಿದರು. ಹಲವರು ಕೋರ್ಟಿಗೆ ಹೋದರು. ಏಪ್ರಿಲ್ ಕೊನೆಯಲ್ಲಿ ಸರ್ಕಾರ ಅವುಗಳನ್ನು ಮತ್ತೆ ಜಾರಿಗೆ ತರತೊಡಗಿತು. ಮೇ ಕೊನೆಯಲ್ಲಿ ಹೊಸ ವೀಸಾ ಸಂದರ್ಶನಗಳ ದಿನಾಂಕ ಕೊಡುವುದನ್ನೇ ನಿಲ್ಲಿಸಿದರು. ಜೂನ್ ಮಧ್ಯದ ನಂತರ ಮತ್ತೆ ಶುರುವಾಯಿತು, ಆದರೆ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂಬ ಷರತ್ತಿನೊಂದಿಗೆ. ಆಗಸ್ಟ್‌ನಲ್ಲಿ ತರಗತಿ ಶುರುವಾಗುವ ದೇಶದಲ್ಲಿ ಮೇ, ಜೂನ್ ತಿಂಗಳುಗಳು ಎಷ್ಟು ಮುಖ್ಯ ಅಂತ ಅರ್ಜಿ ಹಾಕಿದವರಿಗೆ ಗೊತ್ತು.

ಈ ಎಲ್ಲ ದೇಶಗಳಿಗೂ ತಮ್ಮ ಗಡಿಯ ಬಗ್ಗೆ ತೀರ್ಮಾನ ಮಾಡುವ ಹಕ್ಕಿದೆ. ಅದನ್ನು ಪ್ರಶ್ನಿಸುತ್ತಿಲ್ಲ. ಪ್ರಶ್ನೆ ಇರುವುದು ಅರ್ಧ ದಾರಿ ಬಂದವರ ಬಗ್ಗೆ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಶುರುವಾದ ಹೊಸತರಲ್ಲಿ, ಖರ್ಚು ನಿಭಾಯಿಸಲಾಗದ ವಿದ್ಯಾರ್ಥಿಗಳು ತಮ್ಮ ದೇಶಕ್ಕೆ ಮರಳಬೇಕು ಎಂದು ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಹೇಳಿದರು. ಹಾಗೆ ಮರಳಿದವರಿಗೆ, ರಜೆಗೆಂದು ಹೋಗಿದ್ದವರಿಗೆ ಗಡಿ ಸರಿಯಾಗಿ ತೆರೆದದ್ದು 2021ರ ಡಿಸೆಂಬರ್ ಮಧ್ಯದಲ್ಲಿ. ಅಷ್ಟು ದಿನ ಅವರು ಮನೆಯ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಪರದೇಶದ ಪದವಿ ಓದಿದರು.

ಮೊದಲ ತಿಂಗಳ ಸುತ್ತಾಟ

ನಿಯಮ ಅಂದರೆ ದೂರದ ಮಾತು ಅನ್ನಿಸುತ್ತದೆ. ಅದು ದಿನದ ಬದುಕಿಗೆ ಹೇಗೆ ಇಳಿಯುತ್ತದೆ ಅಂತ ನೋಡಲು ಜರ್ಮನಿಗೆ ಬಂದಿಳಿದ ವಿದ್ಯಾರ್ಥಿನಿಯೊಬ್ಬಳ ಮೊದಲ ತಿಂಗಳು ಸಾಕು. ಫೀಸಿಲ್ಲದ ಓದು, ಒಳ್ಳೆಯ ಯೂನಿವರ್ಸಿಟಿ, ಆದರೂ.

ವೀಸಾಕ್ಕೆ ಮೊದಲು ಅವಳು ಬ್ಲಾಕ್ಡ್ ಅಕೌಂಟ್ ತೆರೆದು ಒಂದು ವರ್ಷದ ಖರ್ಚು ತುಂಬಿರಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೊ. ಹಣ ಅವಳದ್ದೇ, ಆದರೆ ಒಟ್ಟಿಗೆ ತೆಗೆಯುವಂತಿಲ್ಲ. ತಿಂಗಳಿಗೆ 992 ಯೂರೊ ಮಾತ್ರ ಹೊರಗೆ ಬರುತ್ತದೆ. ಅದೂ ಮೊದಲು ಅಲ್ಲಿ ಮಾಮೂಲಿ ಬ್ಯಾಂಕ್ ಖಾತೆ ತೆರೆದ ಮೇಲೆ.

ಈಗ ರೂಮು ಹುಡುಕಬೇಕು. ಬಾಡಿಗೆಯ ಜೊತೆ ಡೆಪಾಸಿಟ್ ಕೇಳುತ್ತಾರೆ. ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ತಿಂಗಳಿಗೆ 992 ಸಿಗುವ ಹುಡುಗಿ ಮೂರು ತಿಂಗಳ ಬಾಡಿಗೆಯನ್ನು ಮೊದಲ ವಾರವೇ ಎಲ್ಲಿಂದ ತರುವುದು? ಇಲ್ಲಿ ಕಾನೂನು ಅವಳ ಪರ ಇದೆ. ಡೆಪಾಸಿಟ್ಟನ್ನು ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಆದರೆ ಈ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿದೆ? ಒಂದು ರೂಮಿಗೆ ಹತ್ತಾರು ಜನ ಸಾಲು ನಿಂತಿರುವಾಗ ಪೂರ್ತಿ ಹಣ ಎಣಿಸಿ ಕೊಡುವವರಿಗೇ ಕೀಲಿ ಸಿಗುತ್ತದೆ.

ರೂಮು ಸಿಕ್ಕ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ತಾತ್ಕಾಲಿಕವಾಗಿ ಯಾರದ್ದೋ ರೂಮಿನಲ್ಲಿ ಇದ್ದರೆ ಆ ಪತ್ರ ಸಿಗುವುದು ಕಷ್ಟ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಪಾರ್ಟ್‌ಟೈಮ್ ಕೆಲಸ ಕೊಡುವವರು ಆ ಸಂಖ್ಯೆ ಕೇಳುತ್ತಾರೆ. ವೀಸಾ ಮುಗಿಯುವುದರೊಳಗೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಹೋಗಬೇಕು. ದೊಡ್ಡ ಊರುಗಳಲ್ಲಿ ಅಲ್ಲಿ ಭೇಟಿಯ ದಿನ ಸಿಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಇಷ್ಟೆಲ್ಲ ಪತ್ರಗಳು ಜರ್ಮನ್ ಭಾಷೆಯಲ್ಲಿ. ಅವಳ ಕೋರ್ಸು ಇಂಗ್ಲಿಷಿನಲ್ಲಿ.

ತರಗತಿ ಶುರುವಾಗಿ ಮೂರು ವಾರವಾಗಿರುತ್ತದೆ. ಅವಳು ಪಾಠದಲ್ಲಿ ಹಿಂದೆ ಬಿದ್ದಿದ್ದಾಳೆ. ಬುದ್ಧಿ ಕಡಿಮೆಯಾಗಿ ಅಲ್ಲ, ಕಚೇರಿ ಸುತ್ತಿ ಸುತ್ತಿ.

ಬೇರೆ ದೇಶಗಳಲ್ಲಿ ಈ ಸುತ್ತು ಬೇರೆ ರೂಪದಲ್ಲಿರುತ್ತದೆ. ಎಷ್ಟೋ ನಗರಗಳಲ್ಲಿ ಸ್ಥಳೀಯ ಜಾಮೀನುದಾರ ಇಲ್ಲದವರಿಂದ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿಯೇ ಕೇಳುತ್ತಾರೆ. ಬರುವ ಮೊದಲೇ ಆನ್‌ಲೈನಿನಲ್ಲಿ ರೂಮು ತೋರಿಸಿ, ಹಣ ಹಾಕಿಸಿಕೊಂಡು ಮಾಯವಾಗುವ ಮೋಸಗಾರರಿಗೆ ಇವರೇ ಸುಲಭದ ಬೇಟೆ. ನೋಡದ ಮನೆಗೆ ಡೆಪಾಸಿಟ್ ಹಾಕಬೇಡಿ ಅನ್ನುವುದು ಸುಲಭ. ಸಾವಿರಾರು ಮೈಲಿ ದೂರ ಕೂತವರಿಗೆ ನೋಡುವ ದಾರಿ ಯಾವುದು? ಹಾಗಾಗಿ ನನ್ನ ಮಟ್ಟಿಗೆ, ಮೊದಲ ವರ್ಷ ಹಾಸ್ಟೆಲ್ ಖಾತರಿ ಕೊಡುವ ಯೂನಿವರ್ಸಿಟಿ ರ್‍ಯಾಂಕಿನಲ್ಲಿ ನಾಲ್ಕು ಮೆಟ್ಟಿಲು ಕೆಳಗಿದ್ದರೂ ಮೇಲಿನದು.

ಇನ್ನು ದುಡಿಮೆ. ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ. ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ 24. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48. ಅಮೆರಿಕದಲ್ಲಿ ಮೊದಲ ವರ್ಷ ಕ್ಯಾಂಪಸ್ಸಿನ ಒಳಗೆ ಮಾತ್ರ, ಅದೂ ವಾರಕ್ಕೆ 20 ಗಂಟೆ ಮೀರದಂತೆ. ಓದು ಹಾಳಾಗಬಾರದು ಎಂಬ ಕಾರಣಕ್ಕೆ ಈ ಮಿತಿ. ಉದ್ದೇಶ ಒಳ್ಳೆಯದೇ. ಆದರೆ ಅಡುಗೆಮನೆಯ ಕೆಲಸಕ್ಕೆ ನಿಂತ ಹುಡುಗನಿಗೆ ಅದು ಹೇಗೆ ಕಾಣುತ್ತದೆ? ಶಿಫ್ಟ್ ಮುಗಿದಿದೆ. ಗಿರಾಕಿಗಳು ಇನ್ನೂ ಇದ್ದಾರೆ. ಇನ್ನೆರಡು ಗಂಟೆ ನಿಲ್ಲು ಅನ್ನುತ್ತಾರೆ ಮಾಲೀಕರು. ನಿಂತರೆ ವಾರದ ಮಿತಿ ದಾಟುತ್ತದೆ. ನಿಲ್ಲದಿದ್ದರೆ ಮುಂದಿನ ವಾರ ಶಿಫ್ಟ್ ಸಿಗುವುದಿಲ್ಲ. ಅವನು ನಿಲ್ಲುತ್ತಾನೆ. ಆ ಎರಡು ಗಂಟೆಯನ್ನು ಮಾಲೀಕರು ಲೆಕ್ಕದಿಂದ ಹೊರಗಿಟ್ಟು, ಕೈಗೆ ನಗದು ಕೊಡುತ್ತಾರೆ. ಕೂಲಿ ಕಾನೂನು ಹೇಳಿದ್ದಕ್ಕಿಂತ ಕಡಿಮೆ. ಇವತ್ತಿನಿಂದ ಅವನು ದೂರು ಕೊಡುವಂತಿಲ್ಲ. ದೂರು ಕೊಟ್ಟರೆ ಮಿತಿ ಮೀರಿದ್ದು ತಾನೇ ಒಪ್ಪಿಕೊಂಡಂತೆ, ಅಲ್ವಾ?

ಶೋಷಣೆ ಹುಟ್ಟುವುದು ಮಾಲೀಕರ ಕೆಟ್ಟತನದಿಂದ ಮಾತ್ರವಲ್ಲ, ವೀಸಾ ಕಳೆದುಕೊಳ್ಳುವ ಈ ಭಯದಿಂದ. ಆಸ್ಟ್ರೇಲಿಯಾ ಇದನ್ನು ಒಪ್ಪಿಕೊಂಡು 2024ರ ಜುಲೈನಲ್ಲಿ ಕೆಲವು ರಕ್ಷಣೆಗಳನ್ನು ತಂದಿದೆ. ಕೆಲಸದ ಜಾಗದಲ್ಲಿ ಮೋಸ ಹೋದವರು ದೂರು ಕೊಟ್ಟರೆ, ಕೆಲವು ಷರತ್ತುಗಳ ಮೇಲೆ, ಗಂಟೆ ಮೀರಿದ ಕಾರಣಕ್ಕೆ ವೀಸಾ ರದ್ದಾಗದಂತೆ ನೋಡಿಕೊಳ್ಳುತ್ತದೆ. ಉಳಿದ ದೇಶಗಳೂ ಇದನ್ನು ಮಾಡಬೇಕು. ಖರ್ಚಿಲ್ಲದ ಸುಧಾರಣೆ ಇದು.

ಏಜೆಂಟರ ಬಗ್ಗೆ ಒಂದು ಮಾತು. ಕನ್ಸಲ್ಟೆನ್ಸಿ ಉಚಿತ ಅಂದರೆ ಅದರ ದುಡ್ಡು ಯೂನಿವರ್ಸಿಟಿಯಿಂದ ಕಮಿಷನ್ ರೂಪದಲ್ಲಿ ಬರುತ್ತಿದೆ ಎಂದರ್ಥ. ಹೆಚ್ಚು ಕಮಿಷನ್ ಕೊಡುವ ಕಾಲೇಜನ್ನೇ ಅವರು ಮುಂದೆ ತಳ್ಳುವ ಸಾಧ್ಯತೆ ಇದ್ದೇ ಇದೆ. 2023ರಲ್ಲಿ ಕೆನಡಾದಲ್ಲಿ ಬೆಳಕಿಗೆ ಬಂದ ಪ್ರಕರಣ ಇನ್ನೂ ಕೆಟ್ಟದ್ದು. ಏಜೆಂಟರು ಕೊಟ್ಟ ಪ್ರವೇಶ ಪತ್ರ ನಕಲಿ ಎಂದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಾದದ್ದು ಓದು ಮುಗಿಸಿ, ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ. ದೇಶ ಬಿಡಬೇಕು ಎಂಬ ನೋಟಿಸು ಬಂತು. ಪ್ರತಿಭಟನೆಯಾದ ಮೇಲೆ ಸರ್ಕಾರ ಒಂದೊಂದು ಪ್ರಕರಣವನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ ಅಂದಿತು. ಆ ವರ್ಷದ ಡಿಸೆಂಬರಿನಿಂದ ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ಖಚಿತ ಮಾಡಿಕೊಳ್ಳುವ ನಿಯಮ ಬಂತು. ಅರ್ಜಿಯನ್ನು ಯಾರೇ ಹಾಕಲಿ, ಯೂನಿವರ್ಸಿಟಿಯ ಪೋರ್ಟಲ್ ಪಾಸ್‌ವರ್ಡ್ ವಿದ್ಯಾರ್ಥಿಯ ಕೈಯಲ್ಲೇ ಇರಬೇಕು.

ಒಂಟಿತನದ ಹಳೆಯ ದಾಖಲೆ

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಒಂದು ಪ್ರಬಂಧ ಬರೆದ. ಮನೆಯ ಹಂಬಲವನ್ನು ಕಾಯಿಲೆ ಎಂದು ಪರಿಗಣಿಸಿದ ಮೊದಲ ಪ್ರಬಂಧ ಅದು. ಅದರಲ್ಲಿ ಬರುವ ಒಬ್ಬ ರೋಗಿ ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗ. ದುಃಖ, ಜ್ವರ, ಎದೆಯಲ್ಲಿ ಸಂಕಟ. ಬದುಕುವುದೇ ಕಷ್ಟ ಅಂದುಕೊಂಡು ಅವನನ್ನು ಮನೆಗೆ ಕಳಿಸಲು ಹೊರಡಿಸಿದರು. ಊರಿನ ದಾರಿ ಹಿಡಿದ ಸ್ವಲ್ಪ ಹೊತ್ತಿಗೇ ಅವನ ಉಸಿರಾಟ ಸರಾಗವಾಯಿತು. ಬರ್ನ್ ಮುಟ್ಟುವ ಮೊದಲೇ ಗುಣವಾಗಿದ್ದ. ಈ ಎರಡು ಊರುಗಳ ನಡುವೆ ಇರುವುದು ನೂರು ಕಿಲೋಮೀಟರಿನಷ್ಟು ದೂರ. ಆ ಹುಡುಗ ದಾಟಿದ್ದು ಸಮುದ್ರವನ್ನಲ್ಲ.

ನನಗೆ ಈ ದಾಖಲೆ ಮುಖ್ಯ ಅನ್ನಿಸುವುದು ಇದಕ್ಕೆ: ಮನೆಯ ದಾರಿ ಹಿಡಿದ ಕೂಡಲೇ ಹುಡುಗ ಚೇತರಿಸಿಕೊಳ್ಳತೊಡಗಿದ. ಇವತ್ತಿನ ವಿದ್ಯಾರ್ಥಿಗೆ ಅದೇ ಬಾಗಿಲು ಮುಚ್ಚಿದೆ. ತಲೆಯ ಮೇಲೆ ಸಾಲವಿದೆ. ನಡುವೆ ಬಿಟ್ಟು ಹೋದರೆ ಕಟ್ಟಿದ ಫೀಸು ಹೋಯಿತು, ವೀಸಾ ಹೋಯಿತು. ಮನೆಯವರ ನಿರೀಕ್ಷೆ ಬೇರೆ. ಹಾಗಾಗಿ ಫೋನಿನಲ್ಲಿ ಪ್ರತಿದಿನ ‘ಎಲ್ಲ ಆರಾಮ’ ಅನ್ನುವುದು. ಅತ್ತ ಕಡೆಯವರೂ ಅಷ್ಟೇ. ಅಪ್ಪನಿಗೆ ಹುಷಾರಿಲ್ಲ ಅನ್ನುವುದನ್ನು ಪರೀಕ್ಷೆ ಮುಗಿಯುವವರೆಗೆ ಮುಚ್ಚಿಡುತ್ತಾರೆ. ಪ್ರೀತಿಯಿಂದಲೇ ಇಬ್ಬರೂ ಸುಳ್ಳು ಹೇಳುತ್ತಾರೆ. ಇಬ್ಬರೂ ಒಂಟಿಯಾಗುತ್ತಾರೆ.

ಮೊದಮೊದಲು ಖುಷಿ, ಆಮೇಲೆ ಕುಸಿತ, ಕೊನೆಗೆ ಚೇತರಿಕೆ ಎಂಬ ಕತೆಯನ್ನು ಎಷ್ಟೋ ಓರಿಯೆಂಟೇಶನ್ ಕಾರ್ಯಕ್ರಮಗಳಲ್ಲಿ ಹೇಳುತ್ತಾರೆ. ಇದರ ಮೂಲ 1955ರ ಒಂದು ಅಧ್ಯಯನ. ನಾರ್ವೆಯ ಸ್ವೆರೆ ಲಿಸ್ಗಾರ್ಡ್ ಅಮೆರಿಕಕ್ಕೆ ಹೋಗಿಬಂದ 200 ವಿದ್ವಾಂಸರನ್ನು ಮಾತಾಡಿಸಿದ್ದರು, ಎಲ್ಲರೂ ಅಮೆರಿಕದ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಪಡೆದವರು. ಆರು ತಿಂಗಳಿಗಿಂತ ಕಡಿಮೆ ಇದ್ದವರು, 18 ತಿಂಗಳಿಗಿಂತ ಹೆಚ್ಚು ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನವರಿಗೆ ಕಷ್ಟವಾಗಿತ್ತು. ಅವರು ಸ್ಕಾಲರ್‌ಶಿಪ್ ಸಿಕ್ಕಿ ಹೋದವರು ಎಂಬುದನ್ನು ಮರೆಯಬಾರದು. 1998ರಲ್ಲಿ ಪ್ರಕಟವಾದ, ನ್ಯೂಜಿಲೆಂಡಿಗೆ ಓದಲು ಹೋದ ಜಪಾನಿ ವಿದ್ಯಾರ್ಥಿಗಳ ಅಧ್ಯಯನದಲ್ಲಿ ಬೇರೆಯೇ ಚಿತ್ರ ಸಿಕ್ಕಿತು. ಅವರಿಗೆ ಅತಿ ಹೆಚ್ಚು ಕಷ್ಟವಾದದ್ದು ಬಂದಿಳಿದಾಗಲೇ. ಖುಷಿಯ ಮೊದಲ ಹಂತವೇ ಇರಲಿಲ್ಲ. ಎಲ್ಲರೂ ಸಂಭ್ರಮದಲ್ಲಿರುವಾಗ ನನಗೆ ಮಾತ್ರ ಯಾಕೆ ಅಳು ಬರುತ್ತಿದೆ ಅಂತ ಮೊದಲ ವಾರ ಕೂತು ಯೋಚಿಸುವವರಿಗೆ ಈ ಮಾತನ್ನು ಯಾರಾದರೂ ಹೇಳಬೇಕು.

ಸಹಾಯ ಕೇಳುವುದಕ್ಕೂ ವೀಸಾದ ಭಯ ಅಡ್ಡ ಬರುತ್ತದೆ. ಕೌನ್ಸೆಲರ್ ಹತ್ತಿರ ಹೋದರೆ ಎಲ್ಲಿ ದಾಖಲಾಗಿಬಿಡುತ್ತದೋ ಅಂತ. ಇಲ್ಲಿ ಒಂದು ಉಪಯೋಗದ ವಿಷಯ ಹೇಳುತ್ತೇನೆ. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಪೂರ್ತಿ ಪ್ರಮಾಣದ ಕೋರ್ಸುಗಳನ್ನು ತೆಗೆದುಕೊಳ್ಳಲೇಬೇಕು, ಪದವಿ ಮಟ್ಟದಲ್ಲಿ ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಕ್ರೆಡಿಟ್. ಆಗುತ್ತಿಲ್ಲ ಅಂತ ಸುಮ್ನೆ ಒಂದು ಕೋರ್ಸು ಬಿಟ್ಟರೆ ವೀಸಾದ ಷರತ್ತು ಮುರಿದಂತೆ. ಆದರೆ ಆರೋಗ್ಯದ ಕಾರಣಕ್ಕೆ, ಮನಸ್ಸಿನ ಆರೋಗ್ಯವೂ ಸೇರಿ, ವೈದ್ಯರ ಪತ್ರದೊಂದಿಗೆ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿ ಅಧಿಕಾರಿಯ ಅನುಮತಿ ಪಡೆದರೆ ಕೋರ್ಸು ಕಡಿಮೆ ಮಾಡಬಹುದು, ಒಂದು ಪದವಿಯ ಅವಧಿಯಲ್ಲಿ ಒಟ್ಟು 12 ತಿಂಗಳವರೆಗೆ. ಅನುಮತಿ ಮೊದಲು, ಬಿಡುವುದು ಆಮೇಲೆ. ಈ ಕ್ರಮ ಗೊತ್ತಿಲ್ಲದೆ ಎಷ್ಟು ಜನ ವೃಥಾ ತೊಂದರೆಗೆ ಸಿಕ್ಕಿಹಾಕಿಕೊಳ್ಳುತ್ತಾರೋ!

ಒಂಟಿತನ, ಹಿಂದೆ ಬಿದ್ದ ಪಾಠ, ಫೇಲಾದರೆ ವೀಸಾ ಹೋಗುವ ಭಯ. ಈ ಮೂರೂ ಸೇರಿದ ಜಾಗಕ್ಕೇ ‘ಅಸೈನ್‌ಮೆಂಟ್ ನಾವು ಬರೆದುಕೊಡುತ್ತೇವೆ’ ಎನ್ನುವ ಜಾಹೀರಾತು ಬಂದು ನಿಲ್ಲುತ್ತದೆ. ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಇಂಥ ದಂಧೆಯನ್ನು ಕಾನೂನುಬಾಹಿರ ಮಾಡಿವೆ. ದಂಧೆ ನಿಂತಿಲ್ಲ. ಒಮ್ಮೆ ಕೊಂಡವರನ್ನು, ಯೂನಿವರ್ಸಿಟಿಗೆ ಹೇಳಿಬಿಡುತ್ತೇವೆ ಅಂತ ಹೆದರಿಸಿ ಮತ್ತೆ ಮತ್ತೆ ದುಡ್ಡು ಕೀಳುವುದೂ ಉಂಟು.

ಹೊರಡುವ ಮೊದಲು ಕೇಳಬೇಕಾದ್ದು

ಇದನ್ನೆಲ್ಲ ಓದಿ ಹೋಗುವುದೇ ಬೇಡ ಅನ್ನಿಸಬೇಕಿಲ್ಲ. ಪರದೇಶದ ಓದು ಕೊಡುವುದನ್ನು ಬೇರೆ ಯಾವುದೂ ಕೊಡದು. ಹೊಸ ಪ್ರಯೋಗಾಲಯ, ಹೊಸ ಗುರುಗಳು, ತನ್ನ ಊರನ್ನು ದೂರದಿಂದ ನೋಡುವ ಕಣ್ಣು. ಹೋಗಬೇಕು. ಆದರೆ ಬೇರೆ ಪ್ರಶ್ನೆಗಳನ್ನು ಕೇಳಿ ಹೋಗಬೇಕು.

ಆಫರ್ ಲೆಟರ್ ಬಂದಾಗ ಮೊದಲು ನೋಡಬೇಕಾದ್ದು ಎರಡನೇ ವರ್ಷದ ಫೀಸು. ಮೊದಲ ವರ್ಷದ್ದೇ ಮುಂದುವರಿಯುತ್ತದಾ, ಏರುತ್ತದಾ, ಏರಿದರೆ ಎಷ್ಟರವರೆಗೆ. ಹಲವು ಕಡೆ ಇದು ಸಣ್ಣ ಅಕ್ಷರದಲ್ಲಿರುತ್ತದೆ. ವೀಸಾ ತಿರಸ್ಕಾರವಾದರೆ ಕಟ್ಟಿದ ಹಣದಲ್ಲಿ ಎಷ್ಟು ವಾಪಸ್, ಎಷ್ಟು ದಿನದಲ್ಲಿ, ಅದನ್ನೂ ಬರವಣಿಗೆಯಲ್ಲೇ ಕೇಳಿ. ವೀಸಾಕ್ಕೆ ತೋರಿಸುವ ಮೊತ್ತ ಸರ್ಕಾರ ನಿಗದಿ ಮಾಡಿದ ಕನಿಷ್ಠ ಮಾತ್ರ, ಆ ಊರಿನ ನಿಜವಾದ ಖರ್ಚಲ್ಲ. ದುಬಾರಿ ಊರಿನಲ್ಲಿ ಅದು ಬಾಡಿಗೆಗೇ ಸರಿಹೋಗಬಹುದು. ಪಾರ್ಟ್‌ಟೈಮ್ ಸಂಬಳ ನಂಬಿ ಫೀಸಿನ ಲೆಕ್ಕ ಹಾಕಲೇಬೇಡಿ. ಅದು ಕೈಖರ್ಚಿಗೆ ಆದೀತು, ಅದಕ್ಕಿಂತ ಜಾಸ್ತಿ ನಂಬಿಕೆ ಅಪಾಯ.

ಪದವಿಗೆ ಎಲ್ಲೆಲ್ಲಿ ಮಾನ್ಯತೆ ಇದೆ ಅನ್ನುವುದು ಇನ್ನೊಂದು. ಉನ್ನತ ಶಿಕ್ಷಣದ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ಬಗ್ಗೆ ಯುನೆಸ್ಕೋದ ಜಾಗತಿಕ ಒಪ್ಪಂದ 2023ರ ಮಾರ್ಚಿನಲ್ಲಿ ಜಾರಿಗೆ ಬಂದಿದೆ. ಅದಕ್ಕೆ ಸೇರಿದ ದೇಶಗಳು ಇನ್ನೂ ಕೆಲವೇ. ವೈದ್ಯಕೀಯ, ಕಾನೂನು, ವಾಸ್ತುಶಿಲ್ಪದಂಥ ವೃತ್ತಿಗಳಲ್ಲಂತೂ ಪದವಿ ಬೇರೆ, ವೃತ್ತಿ ಮಾಡುವ ಪರವಾನಗಿ ಬೇರೆ. ಪರವಾನಗಿ ಕೊಡುವುದು ಆಯಾ ದೇಶದ ಮಂಡಳಿ. ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕೋರ್ಸು ಆರಿಸಬೇಕು. ಅಮೆರಿಕದಲ್ಲಿ ಓದಿದ ಮೇಲಿನ ಕೆಲಸದ ಅವಧಿ ಸಾಮಾನ್ಯವಾಗಿ 12 ತಿಂಗಳು. ವಿಜ್ಞಾನ, ತಂತ್ರಜ್ಞಾನ, ಗಣಿತದಂಥ ವಿಷಯಗಳಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಮೊದಲ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಆ 90 ದಿನದ ಖರ್ಚಿನ ಹಣ ಓದು ಮುಗಿಯುವಾಗ ಕೈಯಲ್ಲಿರಬೇಕು ಎಂದು ಹೊರಡುವಾಗಲೇ ಯೋಚಿಸುವವರು ಕಡಿಮೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ನಡುವೆ ನಿಯಮ ಬದಲಾದರೆ ವಿದ್ಯಾರ್ಥಿ ಏನೂ ಮಾಡಲಾರ. ಅದನ್ನು ಸರಿ ಮಾಡಬೇಕಾದವರು ಸರ್ಕಾರಗಳು, ಯೂನಿವರ್ಸಿಟಿಗಳು. ಸೇರುವ ದಿನ ಇದ್ದ ಫೀಸು, ಕೆಲಸದ ಗಂಟೆ, ಓದಿನ ನಂತರ ಉಳಿಯುವ ಅವಧಿ ಆ ಕೋರ್ಸು ಮುಗಿಯುವವರೆಗೆ ಆ ವಿದ್ಯಾರ್ಥಿಗೆ ಹಾಗೆಯೇ ಇರಬೇಕು. ಹೊಸ ನಿಯಮ ಹೊಸಬರಿಗೆ. ಇದು ಆಗದ ಮಾತಲ್ಲ. ನಾರ್ವೆ 2023ರಲ್ಲಿ ಫೀಸು ತಂದಾಗ ಅದಾಗಲೇ ಓದುತ್ತಿದ್ದವರಿಗೆ ವಿನಾಯಿತಿ ಕೊಟ್ಟಿತು. ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 2,000ದಿಂದ 6,000 ಯೂರೊ ಫೀಸು ಹಾಕಿದಾಗಲೂ, ಮೊದಲೇ ಸೇರಿದ್ದವರು ತಮ್ಮ ಕೋರ್ಸನ್ನು ಫೀಸಿಲ್ಲದೆ ಮುಗಿಸಲು ಬಿಟ್ಟಿತು. ವಿದೇಶಿ ವಿದ್ಯಾರ್ಥಿಗಳ ಫೀಸಿನಿಂದ ಬಜೆಟ್ ಸರಿದೂಗಿಸುವ ಪ್ರತಿ ಯೂನಿವರ್ಸಿಟಿಯೂ ತನ್ನ ಸರ್ಕಾರದ ಮುಂದೆ ವೀಸಾದ ವಿಚಾರದಲ್ಲೂ ಇದೇ ಬೇಡಿಕೆ ಇಡಬೇಕು. ತನ್ನ ಕೈಯಲ್ಲೇ ಇರುವ ಫೀಸಿನ ವಿಚಾರದಲ್ಲಂತೂ ಆಫರ್ ಲೆಟರಿನಲ್ಲೇ ಬರೆದು ಕೊಡಬೇಕು.